ಉಪ್ಪು ಬಿಟ್ಟ ನಕ್ಷತ್ರ

ಬೆಸುಗೆಯವನ ಹೆಂಡತಿ ಕನ್ನಡಕದಂಗಡಿಯ ಬಾಗಿಲು ತಳ್ಳಿಕೊಂಡು ಬಂದಾಗ ಅವಳ ಮೂಗಿನ ಮೇಲೆ ಕನ್ನಡಕವೇ ಇರಲಿಲ್ಲ. ಗಲ್ಲಾದ ಹಿಂದೆ ಕೂತು ಗಿರಾಕಿಗಳ ಕಾರ್ಡು ಜೋಡಿಸುತ್ತಿದ್ದ ಪುಟ್ಟಿ ಅದನ್ನು ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದುಕೊಂಡಳು. ಆ ಹೆಂಗಸಿನ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಅಂಥ ಕಣ್ಣಿಟ್ಟುಕೊಂಡು ಬರಿಗಣ್ಣಲ್ಲಿ ಎರಡು ಬೀದಿ ದಾಟಿ ಬರಬೇಕಾದರೆ ಮನೆಗೆ ಬೆಂಕಿಯೇ ಬಿದ್ದಿರಬೇಕು.

"ಅಕ್ಕ ಇದ್ದಾರಾ?" ಎಂದಳು ಅವಳು. "ನಾಳೆ ನನ್ನ ಗಂಡನ್ನ ಹಿಡ್ಕೊಂಡು ಹೋಗ್ತಾರಂತೆ. ಯಜಮಾನ್ರಿಗೆ ವಿಷ ಹಾಕಿದ್ದು ಇವ್ರೇ ಅಂತ."

ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಯಿಂದ ಅತ್ತಿಗೆ ಹೊರಗೆ ಬಂದರು. ಊರಿಗೆಲ್ಲ ಅವರು ಕನ್ನಡಕದಕ್ಕ. ಪುಟ್ಟಿಗೆ ಮಾತ್ರ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಪುಟ್ಟಿಗೂ ಐವತ್ತೆರಡು ತುಂಬಿತ್ತು. ಆದರೆ ಅತ್ತಿಗೆ 'ಪುಟ್ಟಿ' ಎಂದು ಕರೆಯುವುದನ್ನು ಬಿಡಲಿಲ್ಲ, ಹಾಗಾಗಿ ಬೀದಿಯವರಿಗೂ ಅವಳು ಪುಟ್ಟಮ್ಮನೇ ಆಗಿ ಉಳಿದಳು. ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಸೂರಿನಡಿ ಇಪ್ಪತ್ತು ವರ್ಷ ಕಚ್ಚಾಡದೆ ಬಾಳಿದ್ದು ಆ ಬೀದಿಗೆ ಬಿಡಿಸಲಾಗದ ಒಗಟು. ಮಿಕ್ಕ ಒಗಟುಗಳನ್ನು ಅತ್ತಿಗೆ ಬಿಡಿಸುತ್ತಿದ್ದರು. ಓದುವ ಕನ್ನಡಕಕ್ಕೆಂದು ಬಂದಿದ್ದ ಇನ್‌ಸ್ಪೆಕ್ಟರು ಒಮ್ಮೆ ಸುಮ್ಮನೆ ಒಂದು ಕಳವಿನ ಸಂಗತಿ ಹೇಳಿ, ಕನ್ನಡಕದ ಜೊತೆಗೆ ಕಳ್ಳನ ಹೆಸರನ್ನೂ ತೆಗೆದುಕೊಂಡು ಹೋಗಿದ್ದರು. ಅಂದಿನಿಂದ ಅದು ನಡೆದುಕೊಂಡೇ ಬಂದಿತ್ತು.

"ಮೊದಲು ಕೂತ್ಕೋ. ನೀರು ಕುಡಿ. ಆಮೇಲೆ ಮೊದಲಿಂದ ಹೇಳು," ಎಂದರು ಅತ್ತಿಗೆ.

ಸಂಗತಿ ಹೀಗಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ಒಂದು ಹಳೆಯ ವಸ್ತುಗಳ ಅಂಗಡಿ. ಅದರ ಯಜಮಾನರಿಗೆ ಪರ್ಷಿಯಾದ ಗೋಡೆಬಿಲ್ಲೆಗಳೆಂದರೆ ಪ್ರಾಣ. ಈಗಿನವರು ಟೈಲ್ಸ್ ಎನ್ನುತ್ತಾರಲ್ಲ, ಅವುಗಳ ಏಳುನೂರು ವರ್ಷದ ಮುತ್ತಜ್ಜಂದಿರು. ಅಂಥವು ಆರು ಅವರ ಬಳಿ ಇದ್ದವು. ಬೆಸುಗೆಯವನು ಹದಿನೆಂಟು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ; ಒಡೆದ ಪಿಂಗಾಣಿಯನ್ನು ಗುರುತು ಸಿಗದಂತೆ ಕೂಡಿಸುವುದು ಅವನ ಕಸುಬು. ಆರೂ ಬಿಲ್ಲೆಗಳು ಮುಂದಿನ ವಾರ ಪ್ರದರ್ಶನಕ್ಕೆ ಹೋಗುವುದಿತ್ತು. ಮಂಗಳವಾರ ಮಧ್ಯಾಹ್ನ ಯಜಮಾನರು ಅವನ್ನು ಮೇಜಿನ ಮೇಲೆ ಇರಿಸಿಕೊಂಡು ಪರೀಕ್ಷೆಗೆ ಕೂತರು. ನಾಲ್ಕು ಗಂಟೆಗೆ ಬೆಸುಗೆಯವನು ಟೀ ಕೊಟ್ಟ, ಅವರು ಕುಡಿದರು, ಅವನು ಲೋಟ ತೆಗೆದುಕೊಂಡು ಹೋಗಿ ತೊಳೆದು ಬೋರಲು ಹಾಕಿದ. ನಾಲ್ಕೂವರೆಗೆ ಅಳಿಯ ಬಂದು ನೋಡುವಾಗ ಯಜಮಾನರ ತಲೆ ಮೇಜಿನ ಮೇಲಿತ್ತು, ಉಸಿರು ನಿಂತಿತ್ತು.

"ಕಪಾಟಿಗೆ ಹುಳ ಹತ್ತದ ಹಾಗೆ ಬಳಿಯೋ ಔಷಧ ಅಂತೆ," ಎಂದಳು ಹೆಂಡತಿ. "ಅದರ ಬಾಟ್ಲಿ ಇರೋದು ನಮ್ಮವರ ಮೇಜಿನ ಮೇಲೆ. ಟೀ ಕೊಟ್ಟಿದ್ದೂ ಇವರು, ಲೋಟ ತೊಳೆದಿದ್ದೂ ಇವರು. ಲೋಟ ಯಾಕೆ ತೊಳೆದೆ ಅಂತ ಕೇಳಿದ್ರೆ, ಕೊಳೆ ಆಗಿತ್ತು, ತೊಳೆದೆ ಅಂತಾರೆ. ಅಷ್ಟು ಬಿಟ್ಟು ಬೇರೆ ಮಾತೇ ಆಡಲ್ಲ, ಅಕ್ಕಾ. ಅವರಿಗೆ ಮಾತು ಬರಲ್ಲ. ಕೂಡಿಸೋದು ಬರುತ್ತೆ ಅಷ್ಟೆ."

ಪುಟ್ಟಿಗೆ ಆ ಮನುಷ್ಯ ಗೊತ್ತಿದ್ದ. ಅವಳ ತಾಯಿಯ ಒಡೆದ ಹೂದಾನಿಯನ್ನು ಕೂಡಿಸಿ ಕೊಟ್ಟು, ಏನನ್ನೂ ತೆಗೆದುಕೊಳ್ಳದೆ, ತಲೆ ತಗ್ಗಿಸಿಕೊಂಡು ಹೋದವನು. ಅವನು ಕಟಕಟೆಯಲ್ಲಿ ನಿಂತು 'ಕೊಳೆ ಆಗಿತ್ತು, ತೊಳೆದೆ' ಎನ್ನುವುದನ್ನು ನೆನೆದು ಅವಳು ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿದಳು.

"ಕೋಟು ಹಾಕ್ಕೊಳ್ಳೇ, ಪುಟ್ಟಿ," ಎಂದರು ಅತ್ತಿಗೆ.

ಇನ್‌ಸ್ಪೆಕ್ಟರು ಬೇಡವೆನ್ನಲಿಲ್ಲ. "ನೋಡಿ ಅಕ್ಕಾ, ನಿಮ್ಮ ತೃಪ್ತಿಗೆ. ಆದ್ರೆ ಕೇಸು ಹಗಲಿನಷ್ಟು ಸ್ಪಷ್ಟವಾಗಿದೆ," ಎಂದರು ಫೋನಿನಲ್ಲಿ.

"ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನನ್ನ ಅಂಗಡಿ ನಡೆಯೋದೇ ಆ ಗಾದೆ ಮೇಲೆ," ಎಂದು ಅತ್ತಿಗೆ ಫೋನಿಟ್ಟರು.

ಅಂಗಡಿಯ ಮುಂಬಾಗಿಲು ಮುಚ್ಚಿತ್ತು. ಮುದಿ ಗುಮಾಸ್ತರು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡರು. ಗಡಿಯಾರಗಳೆಲ್ಲ ನಿಂತಿದ್ದವು, ಕೀಲಿ ಕೊಡುತ್ತಿದ್ದುದು ಯಜಮಾನರೇ ಎಂದರು ಗುಮಾಸ್ತರು. ಹಗಲು ಹನ್ನೊಂದಾಗಿದ್ದರೂ ಅಲ್ಲಿ ಬೆಳಕು ಬೂದಿ ಬಣ್ಣದ್ದಾಗಿತ್ತು, ಯಾರೋ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಂತೆ ಮೌನವಿತ್ತು.

"ಆರರಲ್ಲಿ ಆ ನಕ್ಷತ್ರ ಅನ್ನೋ ಬಿಲ್ಲೆ ಸಮಾಧಿ ಗೋಡೆಯಿಂದ ಕಿತ್ತು ತಂದಿದ್ದಮ್ಮ," ಎಂದು ಪಿಸುಗುಟ್ಟಿದರು ಗುಮಾಸ್ತರು. "ಸತ್ತವರ ಮನೆಯಿಂದ ಬಂದ ವಸ್ತು ಒಂಟಿಯಾಗಿ ಕೂತ್ಕೊಳ್ಳಲ್ಲ, ಜೊತೆ ಕೇಳುತ್ತೆ. ನಾನು ಮೂವತ್ತು ವರ್ಷದಿಂದ ಹೇಳ್ತಾನೇ ಬಂದೆ. ಯಾರು ಕೇಳ್ತಾರೆ?"

"ಮಂಗಳವಾರ ನೀವೆಲ್ಲಿದ್ರಿ?" ಎಂದು ಕೇಳಿದರು ಅತ್ತಿಗೆ.

"ಅಂಚೆ ಕಚೇರಿಗೆ ಹೋಗಿದ್ದೆ, ಮೂರು ಗಂಟೆಗೆ. ಬಿಲ್ಲೆಗಳನ್ನ ಕಪಾಟಿಂದ ತೆಗೆದು ಮೇಜಿಗೆ ಜೋಡಿಸ್ತಾ ಇದ್ರು ಚಿಕ್ಕ ಯಜಮಾನ್ರು, ಅದೇ ಅಳಿಯಂದ್ರು. ನಾನು ವಾಪಸ್ ಬರೋ ಹೊತ್ತಿಗೆ ಪೊಲೀಸರು ಬಂದಿದ್ರು, ಬಿಲ್ಲೆಗಳು ಕಪಾಟಿನಲ್ಲಿದ್ದವು."

ಮಹಡಿಯಲ್ಲಿ ಯಜಮಾನರ ಮಗಳು ಕಿಟಕಿಯ ಬಳಿ ಕೂತಿದ್ದಳು. ಅತ್ತು ಅತ್ತು ಕಣ್ಣುಗಳು ಬಾತಿದ್ದವು. ಬೆಸುಗೆಯವನ ಹೆಸರೆತ್ತಿದರೆ ತಲೆ ಅಲ್ಲಾಡಿಸಿದಳು. ನಂಬಲಿಕ್ಕೆ ಆಗುತ್ತಿಲ್ಲ, ಆದರೆ ಮತ್ಯಾರು ಎಂದಳು.

"ಅಪ್ಪ ಬಿಲ್ಲೆ ಪರೀಕ್ಷೆ ಹೇಗೆ ಮಾಡ್ತಿದ್ರಮ್ಮಾ?" ಎಂದು ಕೇಳಿದರು ಅತ್ತಿಗೆ.

ಮೊದಲ ಸಲ ಆ ಮುಖದಲ್ಲಿ ನಗುವಿನ ನೆರಳು ಕಾಣಿಸಿತು. "ನೆಕ್ಕಿ. ನಿಜವಾಗ್ಲೂ. ಬಿಲ್ಲೆಯ ಹಿಂಬದಿಗೆ ಹೊಳಪು ಇರಲ್ಲ ನೋಡಿ, ಬರೀ ಒಣ ಮಣ್ಣು. ಹಳೇದಾದ್ರೆ ನಾಲಿಗೆಗೆ ಅಂಟ್ಕೊಳ್ಳುತ್ತೆ, ಹೊಸ ಕಾರ್ಖಾನೆ ಮಾಲಾದ್ರೆ ಜಾರುತ್ತೆ. ಅಪ್ಪ ಹತ್ತು ಎಣಿಸೋವರೆಗೂ ಒತ್ತಿ ಹಿಡೀತಿದ್ರು. ಮೊದಲು ನಕ್ಷತ್ರ, ಆಮೇಲೆ ಉಳಿದವು. ನಂಗೂ ಚಿಕ್ಕಂದಿನಲ್ಲೇ ಕಲಿಸಿದ್ರು. ಏನು ಬೇಕಾದ್ರೂ ಮಾಡು, ನೀರು ಮಾತ್ರ ಸೋಕಿಸಬೇಡ ಅನ್ನೋರು. ನಮ್ಮವರು ಬಂದೋರಿಗೆಲ್ಲ ಹೇಳಿ ನಗಿಸೋರು: ನಮ್ಮ ಮಾವನಿಗೆ ಊಟಕ್ಕೆ ಬಿಲ್ಲೆ ಬಡಿಸಿದ್ರೆ ಸಾಕು, ಪಲ್ಯ ಬೇಡ ಅಂತ."

ಕೆಳಗೆ ಬಂದಾಗ ಅಳಿಯ ಕಾಯುತ್ತಿದ್ದ. ಮೂರು ವರ್ಷದ ಹಿಂದೆ ಮದುವೆಯಾಗಿ ಅಂಗಡಿಗೆ ಬಂದವನು. ಒಳ್ಳೆಯ ಮಾತುಗಾರ, ಅಂದಗಾರ, ಕುರ್ಚಿ ಎಳೆದು ಕೂರಿಸುವ ಮರ್ಯಾದೆಯವನು. ಪುಟ್ಟಿಗೆ ಅವನು ಹಿಡಿಸಿದ. ಅತ್ತಿಗೆ ಅವನಿಗೂ ಅದೇ ಪ್ರಶ್ನೆ ಹಾಕಿದರು.

"ಮಾವನವರಾ? ಭೂತಗನ್ನಡಿ ಹಿಡ್ಕೊಂಡು ಗಂಟೆಗಟ್ಟಲೆ ನೋಡ್ತಿದ್ರು. ಅವರ ಕಣ್ಣು ಅಂದ್ರೆ ಕಣ್ಣು," ಎಂದ ಅವನು.

"ಕಣ್ಣೊಂದೇನಾ?"

"ಇನ್ನೇನು ಬೇಕು, ಅಕ್ಕಾ? ನೀವು ಕಣ್ಣಿನವರು, ನಿಮಗೆ ಹೇಳಬೇಕಾ?" ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅವನು ಪಕ್ಕದ ಕೋಣೆಗೆ ಹೋದ.

ಯಜಮಾನರ ಕೋಣೆ ಚಿಕ್ಕದು. ಹಸಿರು ಬಟ್ಟೆ ಹಾಸಿದ ಮೇಜು, ಕೂತು ಕೂತು ನಡು ತಗ್ಗಾದ ಕುರ್ಚಿ, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ನು, ಗೋಡೆಗೆ ಗಾಜಿನ ಕಪಾಟು. ಗುಮಾಸ್ತರು ಬೀಗ ತೆಗೆದರು. ಆರೂ ಎಂಟು ಮೂಲೆಯ ನಕ್ಷತ್ರಗಳೇ. ಆದರೆ ನಡುವಿನದಕ್ಕೆ ಮಾತ್ರ ನಕ್ಷತ್ರ ಎಂಬ ಹೆಸರು ಎಂದು ಕೇಳಿ ತಿಳಿಯಬೇಕಿರಲಿಲ್ಲ. ಅದರ ಮೇಲೆ ಒಂದು ಮೊಲ ಹಿಂತಿರುಗಿ ನೋಡುತ್ತಿತ್ತು, ಅಂಚಿನ ಸುತ್ತ ಸಣ್ಣ ಅಕ್ಷರಗಳು ಓಡಿದ್ದವು. ಮೊಲದ ಕಣ್ಣು ಪುಟ್ಟಿ ಎಲ್ಲಿ ನಿಂತರೂ ಅವಳ ಮೇಲೇ ಇತ್ತು. ಅವಳಿಗೆ ಅದು ಸರಿಬರಲಿಲ್ಲ.

ಅತ್ತಿಗೆ ಚೀಲದಿಂದ ಪುಟ್ಟ ಟಾರ್ಚು ತೆಗೆದು ಒಂದೊಂದರ ಮೇಲೂ ಓರೆಯಾಗಿ ಬೆಳಕು ಬಿಟ್ಟರು. ನೇರ ನೋಡಿದರೆ ಕಂದು ಬಣ್ಣವಾಗಿದ್ದದ್ದು ಓರೆ ಬೆಳಕಿಗೆ ತಟ್ಟನೆ ಬಂಗಾರವಾಗಿ, ಬೆಳಕು ಸರಿದರೆ ಮತ್ತೆ ಕಂದಾಗುತ್ತಿತ್ತು. ಕೊನೆಯ ಎರಡು ಬಿಲ್ಲೆಗಳು ಮಾತ್ರ ಹೇಗೆ ಹಿಡಿದರೂ ಹೊಳೆದವು. ಅತ್ತಿಗೆ ಟಾರ್ಚನ್ನು ಮತ್ತೆ ನಡುವಿನದಕ್ಕೆ ತಿರುಗಿಸಿದರು.

ನಡುವಿನ ನಕ್ಷತ್ರದ ಅಂಚಿಗೆ, ಹಿಂಬದಿಯ ಉದ್ದಕ್ಕೆ, ಬೂಷ್ಟಿನಂಥ ಬಿಳಿ ನವಿರು ಎದ್ದಿತ್ತು.

"ಧೂಳು," ಎಂದರು ಗುಮಾಸ್ತರು ನಾಚಿಕೊಂಡು. "ನಿನ್ನೇನೂ ಕುಂಚದಲ್ಲಿ ಉದುರಿಸಿದೆ. ಮತ್ತೆ ಬಂದಿದೆ. ಇದೊಂದಕ್ಕೇ ಯಾಕೋ."

ಪುಟ್ಟಿ ಬೆರಳಲ್ಲಿ ಸವರಿ ನೋಡಿದಳು. ಹರಳು ಹರಳಾಗಿತ್ತು. ಅಡುಗೆಮನೆಯ ಅಭ್ಯಾಸ, ಬೆರಳು ತಾನಾಗಿ ಬಾಯಿಯತ್ತ ಹೊರಟಿತು. ಅತ್ತಿಗೆಯ ಕೈ ಅವಳ ಮಣಿಕಟ್ಟನ್ನು ಹಿಡಿದ ಬಿಗಿಗೆ ಗಡಿಯಾರದ ಪಟ್ಟಿಯ ಗುರುತು ಮೂಡಿತು.

"ಬಾಯಿಗೆ ಕೈ ಒಯ್ಯಬೇಡ," ಎಂದರು ಅವರು ಮೆಲ್ಲನೆ. "ಹೋಗಿ ಸೋಪು ಹಾಕಿ ತೊಳ್ಕೊ. ಎರಡು ಸಲ."

ಪುಟ್ಟಿ ಮೂರು ಸಲ ತೊಳೆದುಕೊಂಡಳು. ಅವಳು ದಡ್ಡಿಯಲ್ಲ, ಬೇಸಿನ್ನಿನ ಮುಂದೆ ನಿಂತಾಗಲೇ ಅರ್ಧ ತಿಳಿದಿತ್ತು. ಉಳಿದರ್ಧ ತಿಳಿಯುವುದು ಬೇಡವಾಗಿತ್ತು.

ಸಂಜೆ ಇಬ್ಬರೂ ಬೆಸುಗೆಯವನ ಮನೆಗೆ ಹೋದರು. ಬಾಗಿಲಲ್ಲಿ ಪೇದೆಯೊಬ್ಬ ಕೂತಿದ್ದ. ಬೆಸುಗೆಯವನು ನಾಲ್ಕು ದಿನದಲ್ಲಿ ಹತ್ತು ವರ್ಷ ಮುದುಕನಾದಂತಿದ್ದ.

"ನೀನು ಬಿಲ್ಲೆಗಳನ್ನ ತೊಳೆಯೋದು ಹೇಗಪ್ಪಾ?" ಎಂದರು ಅತ್ತಿಗೆ.

"ತೊಳೆಯೋದಾ?" ತನ್ನ ಮೇಲಿನ ಕೊಲೆಯ ಆರೋಪಕ್ಕೂ ಅವನು ಅಷ್ಟು ಬೆಚ್ಚಿರಲಾರ. "ಬಿಲ್ಲೇನ ಯಾರಾದ್ರೂ ತೊಳೀತಾರಾ, ಅಕ್ಕಾ? ಹಿಂದುಗಡೆ ಮಣ್ಣು ನೀರು ಹೀರ್ಕೊಳ್ಳುತ್ತೆ. ಒಳಗಡೆ ಗೋಡೆಯ ಉಪ್ಪೆಲ್ಲ ಇರುತ್ತಲ್ಲ, ಅದು ಕರಗಿ, ನೀರು ಆರಿದ ಹಾಗೆ ಹೊರಗೆ ಬರುತ್ತೆ. ಹಸಿ ಗೋಡೆ ಉಪ್ಪು ಬಿಡಲ್ವಾ, ಹಾಗೆ. ಬಣ್ಣಾನೇ ಎತ್ತಿ ಹಾಕಿಬಿಡುತ್ತೆ. ನಾನು ಒಣ ಕುಂಚ ಬಿಟ್ಟು ಬೇರೆ ಮುಟ್ಟಿಸಲ್ಲ."

"ಎಷ್ಟು ದಿನಕ್ಕೆ ಉಪ್ಪು ಬರುತ್ತೆ?"

"ಎರಡು, ಮೂರು ದಿನಕ್ಕೆ."

ಅತ್ತಿಗೆ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಯೋಚಿಸಿ, ಆಗಲಿ ಎಂದು ತಲೆಯಾಡಿಸಿದ. ಏನೆಂದು ಪುಟ್ಟಿ ಕೇಳಿದರೆ, ದಾರಿಯುದ್ದಕ್ಕೂ ಅತ್ತಿಗೆ ಬಾಯಿ ಬಿಡಲಿಲ್ಲ.

ಮರುದಿನ ಬೆಳಗ್ಗೆ ಹತ್ತಕ್ಕೆ ಎಲ್ಲರೂ ಯಜಮಾನರ ಕೋಣೆಯಲ್ಲಿ ಸೇರಿದರು. ಮಗಳು, ಅಳಿಯ, ಗುಮಾಸ್ತರು, ಬೆಸುಗೆಯವನು, ಅವನ ತೋಳು ಹಿಡಿದು ನಿಂತ ಹೆಂಡತಿ, ಬಾಗಿಲಿಗೆ ಒರಗಿದ ಇನ್‌ಸ್ಪೆಕ್ಟರು. ಸತ್ತವರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅತ್ತಿಗೆ ಮೇಜಿನ ಬಳಿ ನಿಂತಿದ್ದರು, ಎದುರಿಗೆ ಬಟ್ಟೆ ಮುಚ್ಚಿದ ಒಂದು ನಕ್ಷತ್ರ.

"ಈ ಕಪಾಟಿನಲ್ಲಿರೋ ಆರು ಬಿಲ್ಲೆಗಳಲ್ಲಿ ಎರಡು ನಕಲಿ," ಎಂದು ಅವರು ಶುರುಮಾಡಿದರು. "ಹಳೇ ಬಂಗಾರದ ಹೊಳಪು ಓರೆಗಣ್ಣಿಗೆ ಮಾತ್ರ ಕಾಣುತ್ತೆ. ಇವೆರಡು ಎಲ್ಲಿಂದ ನೋಡಿದ್ರೂ ಹೊಳೀತವೆ. ಅಸಲಿಯನ್ನ ಯಾರೋ ಸಾಗಿಸಿ, ನಕಲಿ ಇಟ್ಟಿದ್ದಾರೆ. ಯಜಮಾನ್ರು ಮಂಗಳವಾರ ಆರನ್ನೂ ಪರೀಕ್ಷೆ ಮಾಡಿದ್ರೆ ಅದು ಬಯಲಾಗ್ತಿತ್ತು. ಅದಕ್ಕೇ ಅವರು ಸತ್ತರು."

ಎಲ್ಲರ ಕಣ್ಣೂ ಬೆಸುಗೆಯವನತ್ತ ಹೊರಳಿದವು. ಪಿಂಗಾಣಿ ಕೈಚಳಕ ಬಲ್ಲವನು ಅವನೊಬ್ಬನೇ. ಅವನ ಹೆಂಡತಿಯ ಮುಖ ಬಿಳಚಿಕೊಂಡಿತು. ಕಾಪಾಡಲೆಂದು ಕರೆತಂದ ಅಕ್ಕನೇ ಕತ್ತಿಗೆ ಸಾಣೆ ಹಿಡಿಯುತ್ತಿದ್ದಾರಲ್ಲ ಎಂಬ ನೋಟ ಅದು.

"ಇನ್ನೊಂದು ವಿಷಯ. ಮಣ್ಣು ಒಮ್ಮೆ ಹೀರ್ಕೊಂಡಿದ್ದನ್ನ ಮೇಲಿಂದ ನೀರು ಹಾಕಿ ತೊಳೆದ್ರೂ ಪೂರ್ತಿ ಬಿಡಲ್ಲ. ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಮೇಲೆ ಬರುತ್ತೆ. ಇದು ಬೆಸುಗೆ ಹೇಳಿದ ಮಾತು." ಅತ್ತಿಗೆ ಬಟ್ಟೆ ಸರಿಸಿದರು. ಹಿಂಬದಿ ಮೇಲಾಗಿತ್ತು, ಕಂದುಗಟ್ಟಿದ ಒರಟು ಮಣ್ಣು, ಅಂಚಿಗೆ ಬಿಳಿ ನವಿರು. "ಈಗ ನಡುವಿನ ನಕ್ಷತ್ರವಾದ್ರೂ ಅಸಲಿಯೋ ಅಲ್ವೋ ನೋಡೋಣ. ಅದೂ ನಕಲಿಯಾದ್ರೆ ಬೆಸುಗೆ ಮೇಲಿನ ಅನುಮಾನ ಗಟ್ಟಿಯಾಗುತ್ತೆ. ಯಜಮಾನ್ರ ಪರೀಕ್ಷೆಯನ್ನೇ ಮಾಡೋಣ. ಪುಟ್ಟಿ, ನಾಲಿಗೆ ಮುಟ್ಟಿಸು."

ಪುಟ್ಟಿ ಅತ್ತಿಗೆಯತ್ತ ನೋಡಿದಳು. ನಿನ್ನೆ ಬೆರಳ ತುದಿಯಷ್ಟು ಉಪ್ಪಿಗೆ ಮಣಿಕಟ್ಟು ಮುರಿಯುವಂತೆ ಹಿಡಿದ ಅತ್ತಿಗೆ ಇಂದು ಇಡೀ ಬಿಲ್ಲೆಯನ್ನು ಮುಂದೆ ಹಿಡಿದಿದ್ದರು. ಅತ್ತಿಗೆಯ ಮುಖದಲ್ಲಿ ಏನೂ ಬರೆದಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನ ತಿಂದ ಮೇಲೆ ನಂಬದಿದ್ದರೆ ಇನ್ನು ಯಾರನ್ನು ನಂಬುವುದು ಎಂದುಕೊಂಡು ಅವಳು ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ತಣ್ಣಗಿತ್ತು. ಹಿಡಿದು ಎಳೆದಂತಾಯಿತು.

"ಅಂಟ್ಕೊಳ್ತು," ಎಂದಳು.

ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ.

"ಪುಟ್ಟಿಗೆ ಅನುಭವ ಇಲ್ಲ. ನೀನು ನೋಡಮ್ಮ, ನಿನಗೆ ಅಪ್ಪನೇ ಕಲಿಸಿದ್ದು," ಎಂದು ಅತ್ತಿಗೆ ಬಿಲ್ಲೆಯನ್ನು ಮಗಳ ಕೈಗಿತ್ತರು.

ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಅಪ್ಪ ನೆನಪಾದರೇನೋ, ಕಣ್ಣು ತುಂಬಿತು. ತಲೆ ಬಗ್ಗಿಸಿ ಬಾಯಿಯ ಹತ್ತಿರ ತಂದಳು.

"ಬೇಡ." ಅಳಿಯ ಎರಡೇ ಹೆಜ್ಜೆಯಲ್ಲಿ ಕೋಣೆ ದಾಟಿದ್ದ. ಅವನ ಅಂಗೈ ಬೀಸಿದ ರಭಸಕ್ಕೆ ಬಿಲ್ಲೆ ಹಾರಿ ಗೋಡೆಗೆ ಬಡಿದು ಬಿಳಿ ಚೂರುಗಳಾಗಿ ಉದುರಿತು. ಅವನು ಹೆಂಡತಿಯ ತುಟಿಯನ್ನು ತನ್ನ ಅಂಗಿಯ ತೋಳಿನಿಂದ ಒರೆಸುತ್ತಿದ್ದ. "ತಾಗಿತಾ? ಹೇಳು, ತಾಗಿತಾ?"

"ತಾಗಿದ್ರೂ ಏನೂ ಆಗಲ್ಲ," ಎಂದರು ಅತ್ತಿಗೆ. "ಅದು ಬೆಸುಗೆ ನಿನ್ನೆ ರಾತ್ರಿ ಎರಕ ಹೊಯ್ದು ಕೊಟ್ಟ ಪ್ಲಾಸ್ಟರು. ಟೀ ಡಿಕಾಕ್ಷನ್ ಬಳಿದು ಹಳೇದು ಮಾಡಿದ್ದು, ಅಂಚಿಗೆ ಅಡುಗೆ ಉಪ್ಪು. ನಿಜವಾದ ನಕ್ಷತ್ರ ಬೆಳಗ್ಗೇನೇ ವಿಷದ ಪರೀಕ್ಷೆಗೆ ಹೋಗಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವನು ಹೆಗಲನ್ನಲ್ಲ, ಹೆಂಡತಿಯ ತುಟಿಯನ್ನು ಮುಟ್ಟಿ ನೋಡಿದ್ದ. ಇನ್‌ಸ್ಪೆಕ್ಟರು ಬಾಗಿಲಿನಿಂದ ಬೆನ್ನು ತೆಗೆದರು.

"ಎಲ್ಲರೂ ವಿಷ ಟೀಯಲ್ಲಿತ್ತು ಅಂದ್ಕೊಂಡಿದ್ರು," ಎಂದು ಅತ್ತಿಗೆ ಮುಂದುವರಿಸಿದರು. "ಅದು ಇದ್ದದ್ದು ನಕ್ಷತ್ರದ ಹಿಂಬದಿಯಲ್ಲಿ, ಟೀ ಮುಗಿಸಿ ಅವರು ನೆಕ್ಕಿದ್ದು ಅದನ್ನೇ. ಬಿಲ್ಲೆ ಬಾಯಿಗೆ ತಾಗಿದ್ರೆ ಅಪಾಯ ಅಂತ ಗೊತ್ತಿದ್ದದ್ದು ಅದಕ್ಕೆ ವಿಷ ಹಚ್ಚಿದವನಿಗೆ ಮಾತ್ರ. ಯಜಮಾನ್ರು ಮೊದಲು ನಕ್ಷತ್ರಾನೇ ನೆಕ್ತಾರೆ, ಹತ್ತು ಎಣಿಸೋವರೆಗೂ ಒತ್ತಿ ಹಿಡೀತಾರೆ ಅಂತ ಮನೆಯವರಿಗೆಲ್ಲ ಗೊತ್ತು. ಹೆಣ ನೋಡಿದ ಮೇಲೆ ಇವನು ಮೊದಲು ಮಾಡಿದ್ದು ಬಿಲ್ಲೆಗಳನ್ನ ಕಪಾಟಿಗೆ ಎತ್ತಿಡೋ ಕೆಲಸ. ಅದಕ್ಕೂ ಮುಂಚೆ ಈ ಬೇಸಿನ್ನಲ್ಲಿ ನಕ್ಷತ್ರ ತೊಳೆದ. ಅಲ್ಲೇ ಎಡವಿದ್ದು. ಬೆಸುಗೆ, ಗುಮಾಸ್ತರು, ಮಗಳು, ಮೂವರಿಗೂ ಬಿಲ್ಲೆಗೆ ನೀರು ತಾಗಿಸಬಾರದು ಅಂತ ರಕ್ತದಲ್ಲೇ ಇದೆ. ಕೊಲೆ ಮಾಡಿದ್ರೂ ಅವರ ಕೈ ಅದನ್ನ ನಲ್ಲಿ ಕೆಳಗೆ ಹಿಡೀತಿರಲಿಲ್ಲ. ಮೂರು ವರ್ಷದಲ್ಲಿ ಇವನು ಬಿಲ್ಲೆ ಮಾರೋದನ್ನ ಕಲಿತ, ಬಿಲ್ಲೆ ನೋಡ್ಕೊಳ್ಳೋದನ್ನ ಕಲೀಲಿಲ್ಲ. ಮಂಗಳವಾರ ನೀರು ಕುಡಿದ ನಕ್ಷತ್ರ ಶುಕ್ರವಾರದ ಹೊತ್ತಿಗೆ ಉಪ್ಪು ಬಿಡ್ತು."

"ಟೀ ಲೋಟ?" ಎಂದರು ಇನ್‌ಸ್ಪೆಕ್ಟರು.

"ಕೊಳೆ ಆಗಿತ್ತು, ತೊಳೆದ. ಅವನು ಹೇಳಿದ್ದು ಅಕ್ಷರಶಃ ನಿಜ. ಇನ್ನು, ಮಾವನ ನಾಲಿಗೆ ಕತೆಯನ್ನ ಬಂದೋರಿಗೆಲ್ಲ ಹೇಳಿ ನಗಿಸ್ತಿದ್ದವನು, ನಾನು ಕೇಳಿದಾಗ ಭೂತಗನ್ನಡಿ ಅಂದ. ಒಂದು ಮಾತು ನುಂಗಿದ. ನನಗೆ ಅಷ್ಟು ಸಾಕಾಯ್ತು."

ಅಳಿಯ ಸುಳ್ಳೆನ್ನಲಿಲ್ಲ. ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು, ಆದರೆ ಅಪ್ಪನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವಳು ನೋಡುತ್ತಿದ್ದುದು ಪುಟ್ಟಿಯನ್ನು.

"ಪುಟ್ಟಮ್ಮ ಬಾಯಿಗೆ ಇಟ್ಕೊಂಡಾಗ ನೀವು ಇಲ್ಲೇ ನಿಂತಿದ್ರಿ," ಎಂದಳು ಗಂಡನಿಗೆ. "ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ನೀವು ಉಸಿರೂ ಬಿಡಲಿಲ್ಲ."

ಪುಟ್ಟಿಗೆ ಆಗ ಅರ್ಥವಾಯಿತು. ಕಣ್ಣು ಮುಚ್ಚಿಕೊಂಡಿದ್ದರಿಂದ ಅವಳಿಗೆ ಅವನ ಮುಖ ಕಂಡಿರಲಿಲ್ಲ. ನಿನ್ನೆ ತನಗೆ ಕುರ್ಚಿ ಎಳೆದು ಕೊಟ್ಟವನು, ಅವಳು ಸಾಯುತ್ತಾಳೆಂದು ಗೊತ್ತಿದ್ದೂ ನೋಡುತ್ತ ನಿಂತಿದ್ದ. ಬೇರೆ ಕುರ್ಚಿ ಇರಲಿಲ್ಲ, ಯಜಮಾನರ ಕುರ್ಚಿಯಲ್ಲೇ ಕುಸಿದಳು. ಅತ್ತಿಗೆ ಬಂದು ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು.

"ಮೊದಲೇ ಹೇಳಬಾರದಿತ್ತಾ, ಅತ್ತಿಗೆ?"

"ಹೇಳಿದ್ರೆ ನಿನ್ನ ಮುಖ ನೋಡಿ ಅವನು ತಿಳ್ಕೊಂಡುಬಿಡ್ತಿದ್ದ. ತಪ್ಪು ನಂದೇ ಕಣೇ. ಕ್ಷಮಿಸು," ಎಂದರು ಅತ್ತಿಗೆ. ಅವರ ಬಾಯಲ್ಲಿ ಆ ಮಾತನ್ನು ಪುಟ್ಟಿ ಕೇಳಿದ್ದು ಅದೇ ಮೊದಲು.

ಪೇದೆಗಳು ಅಳಿಯನನ್ನು ಕರೆದೊಯ್ದರು. ಇನ್‌ಸ್ಪೆಕ್ಟರು ಬೆಸುಗೆಯವನ ಭುಜ ತಟ್ಟಿ, ಮನೆಗೆ ಹೋಗಬಹುದು ಎಂದರು. ಅವನು ಹೋಗಲಿಲ್ಲ. ಗೋಡೆಯ ಬುಡದಲ್ಲಿ ಬಿದ್ದಿದ್ದ ಪ್ಲಾಸ್ಟರಿನ ಚೂರುಗಳ ಮುಂದೆ ಕೂತು ಸುಮ್ಮನೆ ನೋಡುತ್ತಿದ್ದ. ಹೆಂಡತಿ ಅವನ ಕೈ ಹಿಡಿದು ಎಬ್ಬಿಸಿದ ಮೇಲೆ, ಬಾಗಿಲ ಬಳಿ ನಿಂತು, ಯಜಮಾನರ ಮಗಳಿಗೆ ಕೈ ಮುಗಿದ. ಇಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಹೋದರು.

ಕೋಣೆಯಲ್ಲಿ ಮಗಳು ಉಳಿದಳು. ಅವಳು ಬಂದು ಪುಟ್ಟಿಯ ಎದುರು ನೆಲದ ಮೇಲೆ ಕೂತಳು. ಅವಳ ತುಟಿ, ಗಂಡ ಒರೆಸಿದ ಜಾಗದಲ್ಲಿ, ಇನ್ನೂ ಕೆಂಪಗಿತ್ತು.

"ನನ್ನನ್ನ ಉಳಿಸೋಕೆ ಹೋಗೇ ಅಲ್ವಾ ಅವರು ಸಿಕ್ಕಿಬಿದ್ದದ್ದು?" ಎಂದು ಕೇಳಿದಳು.

ಪುಟ್ಟಿ ಹೌದೆಂದಳು. ಬೇರೆ ಏನು ಹೇಳಿದರೂ ಅದು ಸುಳ್ಳಾಗುತ್ತಿತ್ತು.